ಕ್ಷಮೆ ಕೇಳುವ ಕಿಟಕಿ

"ನಿನ್ನನ್ನ ಎಬ್ಬಿಸಿ ಆ ಕುರ್ಚಿ ಮೇಲೆ ಒಂದು ಇಟ್ಟಿಗೆ ಇಟ್ಟರೂ ಕೆಲಸ ನಡೆಯುತ್ತೆ ಕಣಯ್ಯಾ. ಇಟ್ಟಿಗೆ ಸಂಬಳ ಕೇಳಲ್ಲ, ಗಾಳಿಗೆ ಕಾಗದ ಹಾರದ ಹಾಗೆ ಹಿಡಿಯುತ್ತೆ, ಕಂಡೋರ ರಸ್ತೆ ಅಗೆಸಲ್ಲ."

ನೀರು ಸರಬರಾಜು ಕಚೇರಿಯ ಮೇಲ್ವಿಚಾರಕರು ಈ ಮಾತನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಚ್ಚಿ ಹೇಳಬಹುದಿತ್ತು. ಬಾಗಿಲು ಮುಚ್ಚಿ ಬೈದರೆ ಬೈದವರಿಗೆ ಏನು ಸುಖ? ದೂರು ಕೊಡಲು ಬಂದ ಜನ ಸಾಲುಗಟ್ಟಿ ನಿಂತಿದ್ದ ಹೊತ್ತಿನಲ್ಲಿ, ಮೂರನೇ ಕಿಟಕಿಯ ಮುಂದಿನ ಮೈಕಿಗೆ ಬಾಯಿ ತಾಗುವಷ್ಟು ಹತ್ತಿರ ನಿಂತು ಹೇಳಿದರು. ಕಿಟಕಿಗಳಿಗೆ ಗಾಜು ಬಂದ ಮೇಲೆ ಒಳಗಿನ ಮಾತು ಹೊರಗೆ ಕೇಳಲಿ ಎಂದು ಒಂದೊಂದು ಕಂಪ್ಯೂಟರಿಗೂ ಒಂದು ಮೈಕು, ಹಜಾರದ ಕಡೆಗೆ ಒಂದು ಸ್ಪೀಕರು ಕೂರಿಸಿದ್ದರು. ಆ ಸ್ಪೀಕರುಗಳಿಂದ "ನಾಳೆ ಬನ್ನಿ" ಎಂಬುದನ್ನು ಬಿಟ್ಟು ಬೇರೆ ಮಾತು ಬಂದದ್ದು ಯಾರಿಗೂ ನೆನಪಿರಲಿಲ್ಲ. ಇಟ್ಟಿಗೆಯ ಮಾತು ಬಂದದ್ದೇ ತಡ, ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಕಣ್ಣು ಬಿಟ್ಟರು. ನಲ್ಲಿಯಲ್ಲಿ ನೀರಿಲ್ಲದಿದ್ದರೂ ಜನರಿಗೆ ಇಷ್ಟಾದರೂ ಸಿಕ್ಕಿತಲ್ಲ.

ಬೈಸಿಕೊಂಡವನನ್ನು ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು 'ಮೂರನೇ ಕಿಟಕಿ' ಎಂದೇ. ಹುಟ್ಟಿದಾಗ ಇಟ್ಟ ಹೆಸರು ಅವನಿಗೂ ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು. ಅವನ ತಪ್ಪು ಇಷ್ಟು. ಬೆಳಿಗ್ಗೆ ಬಂದವರು ಕಂಪ್ಯೂಟರಿನಲ್ಲಿ ಮೊದಲು 'ದೂರು' ತೆರೆಯಬೇಕು, ಅದರ ಬೆನ್ನಿಗೇ 'ನಕ್ಷೆ' ತೆರೆಯಬೇಕು. ಎರಡೂ ತೆರೆದಿದ್ದರೆ ದೂರು ಕೊಟ್ಟವರ ಬೀದಿ ತಾನಾಗಿ ದೂರಿಗೆ ಅಂಟಿಕೊಳ್ಳುತ್ತದೆ. ನಕ್ಷೆ ಮರೆತರೆ, ಹಿಂದಿನ ದೂರಿನ ಬೀದಿಯೇ ಇದಕ್ಕೂ ಅಂಟುತ್ತದೆ. ಅವನು ನಕ್ಷೆ ಮರೆತಿದ್ದ. ಪೈಪು ಒಡೆದದ್ದು ಒಂದು ಕಡೆ. ಗುದ್ದಲಿಯವರು ಹೋಗಿ ಅಗೆದದ್ದು, ಹೊಸದಾಗಿ ಡಾಂಬರು ಹಾಕಿಸಿಕೊಂಡು ಹಿಗ್ಗುತ್ತಿದ್ದ ಒಬ್ಬ ಡಾಕ್ಟರ ಮನೆಯ ಮುಂದೆ. ಡಾಕ್ಟರು ಬೆಳಿಗ್ಗೆ ಗೇಟು ತೆಗೆದು ಕಾರು ಹೊರಡಿಸಿದರು. ಕಾರಿನ ಮೂತಿ ಗುಂಡಿಯೊಳಗೆ ಹೋಯಿತು. ಅಲ್ಲಿಂದ ಅವರು ಮಾಡಿದ ಫೋನು ಮೇಲ್ವಿಚಾರಕರ ಕಿವಿಯನ್ನು ಕೆಂಪಗೆ ಮಾಡಿತ್ತು.

"ನಾಳೆ ಡಾಕ್ಟ್ರು ಇಲ್ಲಿಗೇ ಬರ್ತಾರೆ," ಎಂದರು ಮೇಲ್ವಿಚಾರಕರು. "ಅವರ ಮುಂದೆ ನಿಂತು ಕ್ಷಮೆ ಕೇಳಬೇಕು. ಸುಮ್ಮನೆ ಸಾರಿ ಗೀರಿ ಅಂದ್ರೆ ಆಗಲ್ಲ. ಅವರ ಹೊಟ್ಟೆ ತಣ್ಣಗಾಗಬೇಕು. ಆಗಲಿಲ್ಲ ಅಂದ್ರೆ ನೀನು ಮನೇಲೇ ಇರಬಹುದು."

ಇಲ್ಲಿಂದಲೇ ತೊಡಕು. ಯಾಕೆಂದರೆ ಮೂರನೇ ಕಿಟಕಿಗೆ ಕ್ಷಮೆ ಕೇಳಿ ಅಭ್ಯಾಸವೇ ಇರಲಿಲ್ಲ. ಕಚೇರಿಯಲ್ಲಿ ಬೈದರೆ ತಲೆ ತಗ್ಗಿಸುತ್ತಿದ್ದ, ಅಷ್ಟೆ. ಮನೆಯಲ್ಲಿ ಅದೂ ಇಲ್ಲ. ಅವನು ತೆರೆದಿಟ್ಟು ಮರೆತ ನಲ್ಲಿಯಿಂದ ನೀರು ಹರಿದು ಅಡುಗೆಮನೆ ಕೆರೆಯಾದರೆ, ತಪ್ಪು ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೀರಿನದು. ಬೀಗದ ಕೈ ಕಳೆದರೆ, ತಪ್ಪು ಬೀಗದ ಕೈಯನ್ನು ಅಷ್ಟು ಸಣ್ಣಗೆ ಮಾಡಿದವನದು. ಹೆಂಡತಿಯ ಮುಂದೆ, ನೆರೆಯವರ ಮುಂದೆ ಅವನು ಹೇಳಿಕೊಂಡು ಬಂದದ್ದು ತಾನು ಕಚೇರಿಯ 'ಕಂಪ್ಯೂಟರ್ ವಿಭಾಗದ ಮುಖ್ಯಸ್ಥ' ಎಂದು. ಅಂಥ ವಿಭಾಗವೇ ಇರಲಿಲ್ಲವಾದ್ದರಿಂದ ಅದಕ್ಕೆ ಅವನು ಮುಖ್ಯಸ್ಥನಾಗುವುದನ್ನು ಯಾರೂ ತಡೆಯುವಂತಿರಲಿಲ್ಲ.

ಊಟದ ವಿರಾಮದಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಅವನು ಕಂಪ್ಯೂಟರಿನ ಮುಂದೆ ಕೂತು ಕ್ಷಮೆಯ ಅಭ್ಯಾಸ ಶುರು ಮಾಡಿದ. ಮೈಕಿಗೆ ಹೇಳುವುದು, ದನಿ ಹಿಡಿದಿಟ್ಟುಕೊಳ್ಳುವುದು, ಸ್ಪೀಕರು ಆರಿಸಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳುವುದು. ಮೊದಲ ಸಲ ಜಗಳಕ್ಕೆ ಬಂದವನ ದನಿಯಿತ್ತು. ಎರಡನೇ ಸಲ ಓಟು ಕೇಳುವವನ ಹಾಗೆ ಕೇಳಿಸಿತು. ಅಳಿಸಿ, ಮತ್ತೆ ಹೇಳಿ, ಮತ್ತೆ ಅಳಿಸಿ, ಕಡೆಗೆ ಹಸಿವಿಗೋ ಅವಮಾನಕ್ಕೋ ಗಂಟಲು ತಾನಾಗಿ ಕಟ್ಟಿ ಬಂದಾಗ ಒಂದು ಕ್ಷಮೆ ಬಿದ್ದಿತು ನೋಡಿ, ಕೇಳಿದ ಅವನಿಗೇ ಮೈ ಜುಮ್ಮೆಂದಿತು.

"ತಪ್ಪು ನನ್ನದೇ, ಸ್ವಾಮಿ. ಬೇರೆ ಯಾರದೂ ಅಲ್ಲ. ನಾನು ಗಮನ ಕೊಡಬೇಕಿತ್ತು, ಕೊಡಲಿಲ್ಲ. ನಿಮಗೆ ತುಂಬ ತೊಂದರೆ ಆಯಿತು. ನನ್ನಿಂದಲೇ ಆಯಿತು. ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು." ಕೊನೆಗೆ ಒಂದು ಸಣ್ಣ ಮೂಗೆಳೆತ.

ಡಾಕ್ಟರು ಮಾರನೆಯ ದಿನ ಬರಲಿಲ್ಲ. ಗುಂಡಿ ಮುಚ್ಚಿದ ಮೇಲೆ ಅವರಿಗೆ ಸಿಟ್ಟು ಮರೆತುಹೋಗಿತ್ತು. ದೊಡ್ಡವರ ಸಿಟ್ಟೇ ಹಾಗೆ, ಅವರು ಉಂಡು ಮಲಗುತ್ತಾರೆ, ಸಣ್ಣವನು ಕಾಯುತ್ತ ಕೂತಿರುತ್ತಾನೆ. ಅಷ್ಟು ಕಷ್ಟಪಟ್ಟು ತಯಾರಾದ ಕ್ಷಮೆ ಗಿರಾಕಿಯಿಲ್ಲದೆ ಕಂಪ್ಯೂಟರಿನಲ್ಲೇ ಉಳಿಯಿತು.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಇಟ್ಟಿಗೆಯ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಮೇಲ್ವಿಚಾರಕರು ಬೆರಗಾಗುವಂಥದ್ದು ಏನಾದರೂ ಮಾಡಿ ತೋರಿಸಲೇಬೇಕೆಂದು ಅವನು ಬಾಮೈದನಿಗೆ ಫೋನು ಹಚ್ಚಿದ. ಬಾಮೈದ ಮೊಬೈಲು ರಿಪೇರಿ ಅಂಗಡಿಯವನು. ಜಗತ್ತಿನಲ್ಲಿ ತನಗೆ ಗೊತ್ತಿಲ್ಲದ್ದೇನಾದರೂ ಇದ್ದರೆ ಅದು ಕಲಿಯಲು ಯೋಗ್ಯವಲ್ಲ ಎಂದು ನಂಬಿದ್ದವನು. 'ದೂರು' ತೆರೆದ ಕೂಡಲೇ 'ನಕ್ಷೆ'ಯೂ ತಾನಾಗಿ ತೆರೆಯುವ ಹಾಗೆ ಮಾಡಲು ಬರುತ್ತದೆಯೇ ಎಂದು ಕೇಳಿದ್ದಕ್ಕೆ ನಕ್ಕ.

"ಭಾವ, ಇದೊಂದು ಕೆಲಸವಾ? ಬೀಗರ ಹಿಂದೆ ಬೀಗಿತ್ತಿ ಬಂದ ಹಾಗೆ ಬರುತ್ತೆ. 'ಇದು ತೆರೆದರೆ' ಅನ್ನೋ ಕಡೆ ಮೊದಲನೇದನ್ನ ಹಾಕಿ. 'ಅದೂ ತೆರೆಯಲಿ' ಅನ್ನೋ ಕಡೆ ಎರಡನೇದು. ಪಟ್ಟಿಯಲ್ಲಿ ಮೇಲೇ ಇರುತ್ತೆ, ಒತ್ತಿ. ಎಲ್ಲಾ ಕಿಟಕಿಗೂ ಅನ್ವಯ ಮಾಡಿ. ಮುಗೀತು."

ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು, ಎಲ್ಲಕ್ಕಿಂತ ಕೊನೆಗೆ ಸೇರಿದ್ದು. ಎಲ್ಲಕ್ಕಿಂತ ಕೊನೆಗೆ ಸೇರಿದ್ದು ಗಿರಾಕಿಯಿಲ್ಲದೆ ಉಳಿದ ಆ ಕ್ಷಮೆಯೆಂದು ಓದುಗರಿಗೆ ಗೊತ್ತಿದೆ. ಮೂರನೇ ಕಿಟಕಿಗೆ ಹೊಳೆಯಲಿಲ್ಲ. ಅವನು ಮೇಲಿದ್ದದ್ದನ್ನು ಒತ್ತಿದ. ಕಚೇರಿ ಮುಗಿದ ಮೇಲೆ, ಸ್ಪೀಕರುಗಳೆಲ್ಲ ಆರಿದ್ದಾಗ, ಒಮ್ಮೆ 'ದೂರು' ತೆರೆದು ಪರೀಕ್ಷೆಯನ್ನೂ ಮಾಡಿದ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ತೆರೆದುಕೊಂಡಿತು. ನಕ್ಷೆ ಯಾವತ್ತೂ ಬಸುರಿ ಎಮ್ಮೆಯ ಹಾಗೆ ನಿಧಾನವಾಗಿ ಬರುವಂಥದ್ದು. ಆ ಚೌಕವೇ ಬೆಳೆದು ನಕ್ಷೆಯಾಗುತ್ತದೆಂದು ತೀರ್ಮಾನಿಸಿ, ದೀಪ ಆರಿಸಿ, ಎದೆಯುಬ್ಬಿಸಿಕೊಂಡು ಮನೆಗೆ ಹೋದ.

ಬೆಳಿಗ್ಗೆ ಮೊದಲನೇ ಕಿಟಕಿಗೆ ಮೊದಲು ಬಂದವರು ಕೋಲೂರಿಕೊಂಡ ಒಬ್ಬ ನಿವೃತ್ತ ಮೇಷ್ಟ್ರು. ವಾರಕ್ಕೊಮ್ಮೆ ಬಂದು ಕೋಲಿನಿಂದ ಗಾಜು ಕುಟ್ಟಿ ಗದರಿಸಿ ಹೋಗುವುದು ಅವರ ವಾಡಿಕೆ. ಆ ಕಿಟಕಿಯಲ್ಲಿ ಕೂರುವ ಹೆಂಗಸನ್ನು ಕಚೇರಿಯವರೆಲ್ಲ ಅಕ್ಕ ಎನ್ನುತ್ತಿದ್ದರು. ಅಕ್ಕ 'ದೂರು' ಒತ್ತಿದಳು. ಮೇಷ್ಟ್ರು ಕೋಲೆತ್ತಿದರು. ಸ್ಪೀಕರಿನಿಂದ ಗದ್ಗದ ದನಿಯೊಂದು ಬಂತು. ತಪ್ಪು ನನ್ನದೇ, ಸ್ವಾಮಿ.

ಕೋಲು ಗಾಳಿಯಲ್ಲೇ ನಿಂತಿತು. ಮೂಗೆಳೆತವೂ ಮುಗಿದ ಮೇಲೆ ಮೇಷ್ಟ್ರು ಕೋಲನ್ನು ಮೆಲ್ಲಗೆ ಕೆಳಗಿಳಿಸಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ವರ್ಷ ಬಂದೆ," ಎಂದರು. "ಇವತ್ತು ಮೊದಲನೇ ಸಲ ಯಾರೋ ಒಪ್ಪಿಕೊಂಡರು." ಅಷ್ಟು ಹೇಳಿ, ದೂರನ್ನೇ ಕೊಡದೆ ಮನೆಗೆ ಹೊರಟುಹೋದರು.

ಅಕ್ಕ ಗಾಬರಿಯಾಗಿ ಮೂರನೇ ಕಿಟಕಿಯ ಕಡೆ ನೋಡಿದಳು. ಅವನ ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಅಷ್ಟರಲ್ಲಿ ಎರಡನೇ ಕಿಟಕಿಯೂ ಕ್ಷಮೆ ಕೇಳಿತು. ಯಾರು ಎಲ್ಲಿ 'ದೂರು' ತೆರೆದರೂ ಅವನ ಗಂಟಲು ಅಲ್ಲಲ್ಲಿ ಕಟ್ಟಿ ಬರುತ್ತಿತ್ತು. ಸದ್ದು ಕೇಳಿ ಮೇಲ್ವಿಚಾರಕರು ಕೋಣೆಯಿಂದ ಬೈಗುಳ ಬಾಯಲ್ಲಿಟ್ಟುಕೊಂಡೇ ಓಡಿಬಂದರು. ಬಂದವರು ಹಜಾರ ನೋಡಿದರು. ಜಗಳವಿಲ್ಲ, ಕೂಗಾಟವಿಲ್ಲ, ಜನ ಆಸ್ಪತ್ರೆಯಲ್ಲಿ ರೋಗಿ ನೋಡಲು ಬಂದವರ ಹಾಗೆ ಮೆತ್ತಗೆ ಮಾತಾಡುತ್ತ ನಿಂತಿದ್ದಾರೆ. ಮೇಲ್ವಿಚಾರಕರು ಬೈಗುಳವನ್ನು ನುಂಗಿಕೊಂಡರು. ಅವರಿಗೆ ಬೇರೇನೂ ಬಾರದಿದ್ದರೂ ಗಾಳಿ ಬಂದ ಕಡೆ ತೂರಿಕೊಳ್ಳುವುದು ಬರುತ್ತಿತ್ತು. ಇದನ್ನು ತಾವೇ ಆಲೋಚಿಸಿ ಮಾಡಿಸಿದ್ದೆಂದು ಅಲ್ಲೇ ನಿಂತು ಎಲ್ಲರಿಗೂ ತಿಳಿಸಿದರು. ಇನ್ನು ಮುಂದೆ ಇದನ್ನು ಯಾರೂ ಮುಟ್ಟಕೂಡದೆಂದೂ ತಿಳಿಸಿದರು.

"ಸಾರ್, ಅದು ತಪ್ಪಾಗಿ..." ಎಂದು ಮೂರನೇ ಕಿಟಕಿ ತೊದಲಿದ.

"ಗೊತ್ತಯ್ಯಾ. ನೀನು ಮಾಡಿದ ಮೇಲೆ ತಪ್ಪಾಗಿಯೇ ಆಗಿರಬೇಕು," ಎಂದರು. "ಇರಲಿ ಬಿಡು."

ಇರಲಾರದೆ ಇರುವೆ ಬಿಟ್ಟುಕೊಂಡವನ ಪಾಡು ಇನ್ನೇನಾಗಬೇಕು? ಒಬ್ಬನ ಮಾನ ಹೋಗುವುದಾದರೆ ಒಂದು ಸಲ ಹೋಗುತ್ತದೆ, ನಾಲ್ಕು ದಿನ ಜನ ನಗುತ್ತಾರೆ, ಆಮೇಲೆ ಮರೆಯುತ್ತಾರೆ. ಇವನದು ಕಚೇರಿ ತೆರೆದಾಗಿನಿಂದ ಮುಚ್ಚುವವರೆಗೆ, ಬಂದವರಿಗೆಲ್ಲ ತಲಾ ಒಂದರಂತೆ, ಪುಕ್ಕಟೆಯಾಗಿ ಹೋಗುತ್ತಿತ್ತು. ನೀರು ಸರಿಯಾಗಿ ಬರುತ್ತಿದ್ದವರೂ ಕ್ಷಮೆ ಕೇಳಿಸಿಕೊಳ್ಳಲು ಬಂದು ನಿಲ್ಲತೊಡಗಿದರು. ಸೊಸೆಯೊಡನೆ ಜಗಳವಾಡಿದ ಒಬ್ಬ ಅತ್ತೆ ಬಂದು ಎರಡು ಸಲ ಕೇಳಿ ಸಮಾಧಾನ ಮಾಡಿಕೊಂಡು ಹೋದಳಂತೆ. ಪೈಪುಗಳು ಒಡೆದದ್ದು ಒಡೆದ ಹಾಗೇ ಇದ್ದವು. ಆದರೆ ದೂರು ಇಳಿಯಿತು. ದೂರು ಇಳಿದರೆ ಕಚೇರಿಯ ಭಾಷೆಯಲ್ಲಿ ನೀರು ಬಂದ ಹಾಗೆಯೇ.

ಅವನ ಮನೆಯ ಮೇಲಿನ ಮಹಡಿಯಲ್ಲಿದ್ದ ದರ್ಜಿಯೂ ಒಂದು ದಿನ ಬಂದ. ಕೇಳಿದವನೇ ಮೂರನೇ ಕಿಟಕಿಯ ಗಾಜಿಗೆ ಮುಖ ಒತ್ತಿ, ಇದು ನಿಮ್ಮ ದನಿಯಲ್ಲವೇ ಎಂದ. ಕಂಪ್ಯೂಟರಿನ ದನಿಗಳೆಲ್ಲ ಒಂದೇ ಥರ ಇರುತ್ತವೆಂದು ಇವನು ವಾದಿಸಿದ.

"ಇರಬಹುದು ಅಣ್ಣ," ಎಂದ ದರ್ಜಿ. "ಆದ್ರೆ ಆ ಮೂಗೆಳೆಯೋದು ನಮ್ಮ ಮೆಟ್ಟಿಲ ಮೇಲೆ ದಿನಾ ಕೇಳ್ತೀನಲ್ಲ. ನೆಗಡಿ ಕಂಪ್ಯೂಟರಿಗೂ ಬರುತ್ತಾ?"

ದರ್ಜಿಯ ಬಾಯಿಗೆ ಹೊಲಿಗೆ ಹಾಕುವವರು ಯಾರು? ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಕ್ಷೌರದವನು ಇವನ ಕೆನ್ನೆಗೆ ಕತ್ತಿ ತಾಗಿಸಿ, "ತಪ್ಪು ನನ್ನದೇ, ಸ್ವಾಮಿ," ಎಂದ. ಕೂತಿದ್ದ ಗಿರಾಕಿಗಳು ಒಟ್ಟಿಗೆ ಮೂಗೆಳೆದರು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವನ ಮಾನ ಹೋದದ್ದು ಅಡಕೆಯಷ್ಟೂ ಇಲ್ಲದ ಒಂದು ಒತ್ತಿಗೆ.

ಬೀದಿಗೆ ಗೊತ್ತಾದರೆ ಆಗಲಿ. ಅವನಿಗೆ ಇದ್ದದ್ದು ಒಂದೇ ಹೆದರಿಕೆ: ಆ ದನಿ ಹೆಂಡತಿಯ ಕಿವಿಗೆ ಬೀಳಬಾರದು. ಅವಳೊಬ್ಬಳ ಲೆಕ್ಕದಲ್ಲಿ ಅವನು ಇನ್ನೂ ಮುಖ್ಯಸ್ಥನಾಗಿದ್ದ. ಅವಳಿಗೆ ಗೊತ್ತಾಗಿದ್ದು ಕಚೇರಿಯಲ್ಲಿ ಕ್ಷಮೆ ಕೇಳುವ ಯಂತ್ರ ಬಂದಿದೆ ಎಂಬುದಷ್ಟೆ. ದನಿ ಯಾರದೆಂದು ಅವಳ ಮುಖ ನೋಡಿ ಹೇಳುವ ಧೈರ್ಯ ದರ್ಜಿಗೂ ಇರಲಿಲ್ಲ.

"ಅದನ್ನೂ ನೀವೇ ಮಾಡಿದ್ದಾ?" ಎಂದು ಕೇಳಿದಳು.

ಇಲ್ಲ ಎನ್ನುವುದು ಸುಲಭವಿತ್ತು. ಅವನ ನಾಲಿಗೆಗೆ ಅಭ್ಯಾಸವಿದ್ದದ್ದು ಬೇರೆ. "ಮತ್ತಿನ್ಯಾರು ಮಾಡ್ತಾರೆ?" ಎಂದುಬಿಟ್ಟ.

ಹಾಗಾದರೆ ತಾನೂ ಬಂದು ಕೇಳುತ್ತೇನೆ, ಹೇಗೂ ಮನೆಯ ನಲ್ಲಿ ಒಣಗಿದೆ, ದೂರನ್ನೂ ಕೊಟ್ಟ ಹಾಗಾಯಿತು ಎಂದಳು ಅವಳು. ಅಂದಿನಿಂದ ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಬೆಳಗಿನ ಜಾವ ಎದ್ದು, ಆಚೆ ಬೀದಿಯ ಕೈಪಂಪಿನಿಂದ ಬಿಂದಿಗೆ ಹೊತ್ತು ತಂದು ತೊಟ್ಟಿ ತುಂಬಿಸತೊಡಗಿದರು. ನೀರಿದ್ದರೆ ದೂರಿಲ್ಲ, ದೂರಿಲ್ಲದಿದ್ದರೆ ಅವಳು ಬರುವುದಿಲ್ಲ. ಸೊಂಟ ಹಿಡಿಯಿತು. ಇಷ್ಟೆಲ್ಲ ಯಾಕೆ ಒದ್ದಾಡುತ್ತೀರಿ ಎಂದು ಅವಳು ಕೇಳಿದರೆ, ವ್ಯಾಯಾಮ ಎಂದ.

ಹೀಗಿರುವಾಗ, ಜನರ ದೂರು ಇಷ್ಟು ಇಳಿದ ಕಚೇರಿಯನ್ನು ಕಣ್ಣಾರೆ ನೋಡಲು ಮೇಲಿನ ಕಚೇರಿಯಿಂದ ದೊಡ್ಡ ಅಧಿಕಾರಿಗಳು ಬರುತ್ತಾರೆಂಬ ಸುದ್ದಿ ಬಂತು. ಹಜಾರಕ್ಕೆ ಬಣ್ಣ ಬಳಿದರು. ಅಂದು ಎಲ್ಲರೂ ಬಂದು ನೋಡಬಹುದೆಂದು ಬಾಗಿಲ ಮೇಲೆ ಬರೆಸಿ ಹಾಕಿದರು. ಎಲ್ಲರೂ ಎಂದರೆ ಹೆಂಡತಿಯೂ ಸೇರಿದಳಲ್ಲ. ಮೂರನೇ ಕಿಟಕಿಗೆ ಅನ್ನ ಇಳಿಯಲಿಲ್ಲ. ಬಾಮೈದನನ್ನು ಕೇಳುವ ಹಾಗಿಲ್ಲ. ಅವನಿಗೆ ಗೊತ್ತಾದರೆ ಇವನ ಹೆಂಡತಿಗೆ ಗೊತ್ತಾದಂತೆ. ಹಾಕಿದ್ದನ್ನು ತೆಗೆಯುವುದು ಹೇಗೆಂದು ತಾನೇ ತಲೆ ಓಡಿಸಿದ. ಬೀಗವನ್ನು ಒಂದು ಕಡೆ ತಿರುಗಿಸಿದರೆ ಹಾಕುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ತೆಗೆಯುತ್ತದೆ. ಇದೂ ಅಷ್ಟೇ ಇರಬೇಕು. ಹಿಂದಿನ ಸಲ 'ದೂರು ತೆರೆದರೆ ಕ್ಷಮೆಯೂ ತೆರೆಯಲಿ' ಎಂದಿದ್ದಾಯಿತು. ಈಗ ಅದರ ಕೆಳಗೇ 'ಕ್ಷಮೆ ತೆರೆದರೆ ದೂರು ತೆರೆಯಲಿ' ಎಂದು ಉಲ್ಟಾ ಬರೆದ. ಒಂದು ಬಲಕ್ಕೆ, ಒಂದು ಎಡಕ್ಕೆ. ಎರಡೂ ಸೇರಿ ಸೊನ್ನೆ. ಪರೀಕ್ಷೆ ಮಾಡಲು ಹೊತ್ತಿರಲಿಲ್ಲ. ಹೊರಗೆ ಕಾರಿನ ಬಾಗಿಲು ಬಡಿದ ಸದ್ದು ಕೇಳಿಸಿತ್ತು.

ದೊಡ್ಡ ಅಧಿಕಾರಿಗಳು ಸಣ್ಣ ಆಳು. ನಾಲ್ಕು ಜನರ ನಡುವೆ ಇಸ್ತ್ರಿ ಮಾಡಿ ಇಟ್ಟ ಹಾಗಿದ್ದರು. ಮೇಲ್ವಿಚಾರಕರು ಅವರ ಕಿವಿಯ ಬಳಿಯೇ ನಡೆಯುತ್ತ, ಯೋಜನೆ ತಮ್ಮದು, ಮಾತುಗಳೂ ತಮ್ಮವೇ, ದನಿ ಮಾತ್ರ ಸಿಬ್ಬಂದಿಯಲ್ಲಿ ಯಾರದೋ ಎಂದು ವಿವರಿಸಿದರು. ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಾಜಿನಾಚೆ ಮುಂದಿನ ಸಾಲಿನಲ್ಲೇ ದರ್ಜಿ ನಿಂತಿದ್ದ. ಅವನ ಪಕ್ಕದಲ್ಲಿ ಮೂರನೇ ಕಿಟಕಿಯ ಹೆಂಡತಿ. ಗಂಡನ ಕೆಲಸವನ್ನು ದೊಡ್ಡವರು ಮೆಚ್ಚುವ ಗಳಿಗೆ ತಪ್ಪಬಾರದೆಂದು, ಪಾಪ, ದರ್ಜಿಯೇ ಕರೆತಂದಿದ್ದ. ಅವಳು ಚೆನ್ನಾಗಿ ತಲೆ ಬಾಚಿಕೊಂಡು ಬಂದಿದ್ದಳು.

ಅಧಿಕಾರಿಗಳು ಅಕ್ಕನನ್ನು ಎಬ್ಬಿಸಿ, ತಾವೇ ಕೂತು, ತಮ್ಮ ಬೆರಳಿನಿಂದಲೇ 'ದೂರು' ಒತ್ತಿದರು.

ತಪ್ಪು ನನ್ನದೇ, ಸ್ವಾಮಿ, ಎಂದಿತು ಸ್ಪೀಕರು. ಅಧಿಕಾರಿಗಳು ತಲೆಯಾಡಿಸಿದರು. ಅಷ್ಟರಲ್ಲಿ ಕ್ಷಮೆ ತೆರೆದದ್ದರಿಂದ ಇನ್ನೊಂದು ದೂರು ತೆರೆಯಿತು. ದೂರು ತೆರೆದದ್ದರಿಂದ ಇನ್ನೊಂದು ಕ್ಷಮೆ ತೆರೆಯಿತು. ಮೊದಲನೆಯದು 'ಬೇರೆ ಯಾರದೂ ಅಲ್ಲ' ಎನ್ನುವಾಗ ಎರಡನೆಯದು 'ತಪ್ಪು ನನ್ನದೇ' ಎಂದಿತು, ಅದರ ಬೆನ್ನಿಗೆ ಮತ್ತೊಂದು, ಅದರ ಬೆನ್ನಿಗೆ ಇನ್ನೂ ಒಂದು. ಪರದೆಯ ಮೇಲೆ ಚೌಕದ ಮೇಲೆ ಚೌಕ ಹೆಂಚು ಹೊದಿಸಿದ ಹಾಗೆ ಕೂತವು. ನನ್ನಿಂದಲೇ, ಗಮನ ಕೊಡಬೇಕಿತ್ತು, ಸ್ವಾಮಿ, ದೊಡ್ಡ ಮನಸ್ಸು, ನನ್ನದೇ, ನನ್ನದೇ, ನನ್ನದೇ. ನಡುನಡುವೆ ಮಳೆಗಾಲದ ಮನೆಯ ಹಾಗೆ ಎಲ್ಲ ಕಡೆಯಿಂದ ಮೂಗೆಳೆತ. ಒಬ್ಬ ಮನುಷ್ಯ ಸಂತೆಯಾಗಿಬಿಟ್ಟಿದ್ದ, ಆ ಸಂತೆಯಲ್ಲಿ ಎಲ್ಲರೂ ಅಳುತ್ತಿದ್ದರು.

ಮೊದಲು ಯಾರೋ ಹಿಂದೆ ನಕ್ಕರು. ಆಮೇಲೆ ಹಜಾರವೇ ನಕ್ಕಿತು. ಅಧಿಕಾರಿಗಳು ಕಿವಿ ಮುಚ್ಚಿಕೊಂಡು, ಇದು ಯಾರ ಕೆಲಸ ಎಂದು ಕೂಗಿ ಕೇಳಿದರು. ಮೇಲ್ವಿಚಾರಕರು ಒಂದು ಗಳಿಗೆಯೂ ತಡಮಾಡಲಿಲ್ಲ. ತಮ್ಮ ಯೋಜನೆಯನ್ನೂ ತಮ್ಮ ಮಾತುಗಳನ್ನೂ ಅಲ್ಲೇ ಕೈಬಿಟ್ಟು, ಮೂರನೇ ಕಿಟಕಿಯ ಕಡೆ ಬೆರಳು ಚಾಚಿದರು. ಎಲ್ಲಾ ಇವನದೇ ಸಾರ್, ದನಿಯೂ ಇವನದೇ.

ಅಕ್ಕ ಬಗ್ಗಿ ವೈರು ಕಿತ್ತಳು. ದನಿಗಳೆಲ್ಲ ಒಟ್ಟಿಗೆ ಸತ್ತವು.

ಅವನು ತಲೆಯೆತ್ತಲಿಲ್ಲ. ಈಗ ಬೈಗುಳ ಬರುತ್ತದೆ, ಕೆಲಸ ಹೋಗುತ್ತದೆ ಎಂದುಕೊಂಡ. ಹೋದರೆ ಹೋಗಲಿ ಎಂದೂ ಅನ್ನಿಸಿತು. ಆದರೆ ಓದಿಕೊಂಡವರ ಕರುಣೆ ಅವರ ಬೈಗುಳಕ್ಕಿಂತ ಕೆಟ್ಟದ್ದು. ಅಧಿಕಾರಿಗಳು ಕೋಪಿಸಿಕೊಳ್ಳಲಿಲ್ಲ. ನಕ್ಕರು. ಯಂತ್ರ ಕೆಟ್ಟರೆ ಕೆಡಲಿ ಬಿಡಿ, ಮನುಷ್ಯ ಇಲ್ಲೇ ಇದ್ದಾನಲ್ಲ ಎಂದರು. ಮೇಲ್ವಿಚಾರಕರು ಮೂರನೇ ಕಿಟಕಿಯ ಮೈಕನ್ನು ಎತ್ತಿ ಅವನ ಕೈಗೇ ತುರುಕಿದರು.

"ಪಾಪ, ಜನ ಇದನ್ನ ಕೇಳೋಕೆ ಅಂತ ಬಂದಿದ್ದಾರೆ," ಎಂದರು ಅಧಿಕಾರಿಗಳು. "ಎಲ್ಲಿ, ನೀನೇ ಒಂದು ಸಲ ಬಾಯಲ್ಲಿ ಹೇಳಿಬಿಡಪ್ಪ. ಅದೇ ಥರ ಹೇಳಬೇಕು, ಅಳೋ ಥರ."

ಹಜಾರ ಕಾದು ನಿಂತಿತು. ಅವನು ಮೈಕನ್ನು ಬಾಯಿಯ ಹತ್ತಿರ ತಂದ. ಕಣ್ಣೆತ್ತಿದರೆ ನೇರ ಎದುರಿಗೆ ಹೆಂಡತಿಯ ಮುಖ. ಆ ಮುಖದಲ್ಲಿ ಅವನು ನಗು ಹುಡುಕಿದ, ತಿರಸ್ಕಾರ ಹುಡುಕಿದ, ಎರಡೂ ಇರಲಿಲ್ಲ. ಅವಳು ಅವನನ್ನು ಎಲ್ಲೋ ನೋಡಿದ ನೆನಪು ಮಾಡಿಕೊಳ್ಳುವವಳ ಹಾಗೆ ನೋಡುತ್ತಿದ್ದಳು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು ಗಾಜಿಗೆ ಕೈಯಿಟ್ಟಳು.

"ರೀ," ಎಂದಳು, ಮೆತ್ತಗೆ, ಆದರೆ ಹಜಾರಕ್ಕೆಲ್ಲ ಕೇಳುವಷ್ಟು. "ನಿಮಗೆ ಇಷ್ಟು ಚೆನ್ನಾಗಿ ತಪ್ಪಾಯ್ತು ಅನ್ನೋಕೆ ಬರುತ್ತಾ? ಮನೇಲಿ ಒಂದು ದಿನಾನೂ ಕೇಳಿರಲಿಲ್ಲವಲ್ಲ."

ಯಾರೂ ನಗಲಿಲ್ಲ. ದರ್ಜಿ ಪಕ್ಕಕ್ಕೆ ತಿರುಗಿ ಗೋಡೆಯ ಹೊಸ ಬಣ್ಣ ನೋಡತೊಡಗಿದ. ಹೇಳಪ್ಪ, ಹೇಳು, ಎಂದರು ಅಧಿಕಾರಿಗಳು, ಯಾರ ಮುಂದೆ ಹೇಳಿಸುತ್ತಿದ್ದೇವೆಂದು ಗೊತ್ತಿಲ್ಲದೆ.

ಅವನು ಮೈಕನ್ನು ಮೇಜಿನ ಮೇಲೆ ಸದ್ದಾಗದ ಹಾಗೆ ಇಟ್ಟ. ಬಾಗಿಲು ತೆಗೆದು ಹಜಾರಕ್ಕೆ ಬಂದ. ಜನ ಸರಿದು ದಾರಿ ಬಿಟ್ಟರು. ಹೆಂಡತಿ ಸರಿಯಲಿಲ್ಲ, ಆ ಒಂದು ಮಾತಿಗೆ ಕಾಯುತ್ತ ನಿಂತಿದ್ದಳು. ಅವಳ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರದಿಂದ ಹಾದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಅವನು ಮೆಟ್ಟಿಲಿಳಿದು ಹೊರಟುಹೋದ.